ಕರಿಕಂಬಳಿಯ ವಿನ್ಯಾಸ: ಜನಪದ ವಸ್ತುಲೋಕದಲ್ಲಿ ಸರಳತೆಯ ಮೌಲ್ಯ

೧. ಪ್ರವೇಶ

ಕನ್ನಡ ಜಾನಪದ ಅಧ್ಯಯನದಲ್ಲಿ ‘ಸರಳತೆ’ ಎಂಬುದು ಬಹುಬಳಕೆಯ ಪದ; ಆದರೆ ಅದು ವಿವೇಚನೆಗೆ ಒಳಗಾದ ಪರಿಕಲ್ಪನೆಯಲ್ಲ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ ೧೯೩೧ರಲ್ಲಿ ಪ್ರಕಟವಾದ ನಂತರದ ದಶಕಗಳಲ್ಲಿ ಹೊರಬಂದ ಅನೇಕ ಸಂಕಲನಗಳ ಪೀಠಿಕೆಗಳಲ್ಲಿ ಸರಳ, ಸಹಜ, ಮುಗ್ಧ ಎಂಬ ಮೂರು ವಿಶೇಷಣಗಳು ಒಂದರ ಬೆನ್ನಿಗೆ ಒಂದು ಬರುವುದನ್ನು ಕಾಣಬಹುದು. ಈ ಮೂರೂ ಒಂದೇ ಅರ್ಥದ ಪದಗಳೆಂಬಂತೆ ಬಳಕೆಯಾದುದರಿಂದ ಸರಳತೆಯು ಹೊಗಳಿಕೆಯ ಮಾತಾಗಿ ಉಳಿಯಿತು. ಹಾಡು, ಕಥೆ, ಗಾದೆಗಳ ಮಟ್ಟಿಗೆ ಈ ದೃಷ್ಟಿಯನ್ನು ನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ. ಮೌಖಿಕ ಪರಂಪರೆಯ ಸೂತ್ರಬದ್ಧತೆ, ರಚನಾಕ್ರಮ, ಪ್ರದರ್ಶನ ಸಂದರ್ಭಗಳ ಅಧ್ಯಯನವು ‘ಮುಗ್ಧತೆ’ಯ ಕಲ್ಪನೆಯನ್ನು ಬಹುಮಟ್ಟಿಗೆ ಸಡಿಲಗೊಳಿಸಿದೆ. ವಸ್ತುಗಳ ವಿಷಯದಲ್ಲಿ ಮಾತ್ರ ಇಂತಹ ಮರುಚಿಂತನೆ ಸಾಕಷ್ಟು ನಡೆದಿಲ್ಲ.

ರಿಚರ್ಡ್ ಡಾರ್ಸನ್ ೧೯೭೨ರಲ್ಲಿ ಜನಪದ ಜೀವನವನ್ನು ಮೌಖಿಕ ಸಾಹಿತ್ಯ, ಭೌತಿಕ ಸಂಸ್ಕೃತಿ, ಸಾಮಾಜಿಕ ಆಚರಣೆ, ಪ್ರದರ್ಶನ ಕಲೆ ಎಂದು ನಾಲ್ಕು ವಲಯಗಳಾಗಿ ವಿಂಗಡಿಸಿದ್ದು ಕನ್ನಡದ ವಿದ್ಯಾರ್ಥಿಗಳಿಗೂ ಪರಿಚಿತ. ಈ ನಾಲ್ಕರಲ್ಲಿ ಭೌತಿಕ ಸಂಸ್ಕೃತಿಯ ಪಾಲಿಗೆ ಬಂದ ಪುಟಗಳು ಕಡಿಮೆ. ಅದರೊಳಗೂ ಒಂದು ತರತಮವಿದೆ. ಕಿನ್ನಾಳದ ಗೊಂಬೆ, ಬೀದರಿನ ಬಿದರಿ ಕೆಲಸ, ತೊಗಲುಗೊಂಬೆ, ಕಸೂತಿ ಮೊದಲಾದ ಅಲಂಕಾರಪ್ರಧಾನ ವಸ್ತುಗಳು ‘ಕಲೆ’ಯ ಸ್ಥಾನ ಪಡೆದಿವೆ. ಮೊರ, ತಂಬಿಗೆ, ಒನಕೆ, ಕಂಬಳಿಗಳು ‘ಉಪಕರಣ’ಗಳೆಂದು ಪಟ್ಟಿಯಾಗುತ್ತವೆ. ಮೊದಲನೆಯವುಗಳಿಗೆ ವಿಮರ್ಶೆ ದೊರೆಯುತ್ತದೆ. ಎರಡನೆಯವುಗಳಿಗೆ ಹೆಸರಿನ ಚೀಟಿ ದೊರೆಯುತ್ತದೆ.

ಈ ತರತಮದ ಹಿಂದಿರುವ ಗ್ರಹಿಕೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಇಲ್ಲಿ ಆಯ್ದುಕೊಂಡಿರುವ ವಸ್ತು ಕುರುಬ ಸಮುದಾಯದವರು ನೇಯುವ ಕರಿಕಂಬಳಿ. ಹೊಲಿಗೆಯಿಲ್ಲದ, ಚಿತ್ತಾರವಿಲ್ಲದ, ಬಣ್ಣ ಹಾಕದ ಈ ಆಯತಾಕಾರದ ಬಟ್ಟೆಯು ಸರಳತೆಯ ಬಗೆಗಿನ ಪ್ರಚಲಿತ ವಾದಗಳನ್ನು ಒರೆಗೆ ಹಚ್ಚಲು ತಕ್ಕ ಸಾಮಗ್ರಿ. ಸರಳ ವಿನ್ಯಾಸವು ಶ್ರಮದ ಕೊರತೆಯಿಂದ ಹುಟ್ಟುವುದಲ್ಲ; ಶ್ರಮವೂ ತಿಳಿವಳಿಕೆಯೂ ಕಣ್ಣಿಗೆ ಕಾಣದಂತೆ ವಸ್ತುವಿನೊಳಗೆ ಅಡಗಿದ ಸ್ಥಿತಿ ಅದು ಎಂಬುದು ಇಲ್ಲಿಯ ಮುಖ್ಯ ವಾದ.

೨. ಸರಳತೆಯನ್ನು ಕುರಿತ ಆಧುನಿಕ ವಾದಗಳು

ಇಪ್ಪತ್ತನೆಯ ಶತಮಾನದ ವಿನ್ಯಾಸ ಚಿಂತನೆಯಲ್ಲಿ ಅಲಂಕಾರವಿರೋಧದ ಪ್ರಬಲ ದನಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್‌ನದು. ಅಲಂಕಾರವನ್ನು ಅಪರಾಧದೊಡನೆ ಜೋಡಿಸಿ ಆತ ೧೯೧೦ರಲ್ಲಿ ವಿಯೆನ್ನಾದಲ್ಲಿ ಮಾಡಿದ ಉಪನ್ಯಾಸವು ೧೯೧೩ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು. ಲೂಸ್‌ನ ವಾದಕ್ಕೆ ಎರಡು ಮುಖಗಳಿವೆ. ಸಂಸ್ಕೃತಿ ವಿಕಾಸವಾದಂತೆ ಬಳಕೆಯ ವಸ್ತುಗಳಿಂದ ಅಲಂಕಾರವು ಕಳಚಿ ಬೀಳುತ್ತದೆ ಎಂಬುದು ಒಂದು. ಅಲಂಕಾರವು ವ್ಯರ್ಥವಾದ ಶ್ರಮ. ಅದನ್ನು ಬಿಟ್ಟರೆ ದುಡಿಮೆಯ ಅವಧಿ ಇಳಿದು ದುಡಿಯುವವನ ಸ್ಥಿತಿ ಉತ್ತಮಗೊಳ್ಳುತ್ತದೆ ಎಂಬುದು ಇನ್ನೊಂದು. ಹಳ್ಳಿಯ ಹೆಂಗಸರ ಕಸೂತಿಯನ್ನು, ಚಮ್ಮಾರನ ಚಿತ್ತಾರವನ್ನು ತಾನು ಸಹಿಸಿಕೊಳ್ಳುವೆನೆಂದೂ ಆತ ಹೇಳುತ್ತಾನೆ. ಅವರಿಗೆ ಬೇರೆ ಉನ್ನತ ಆನಂದದ ದಾರಿಯಿಲ್ಲ ಎಂಬುದು ಅದಕ್ಕೆ ಆತ ಕೊಡುವ ಕಾರಣ. ಈ ರಿಯಾಯಿತಿಯೊಳಗೆ ಒಂದು ಏಣಿಯಿದೆ: ಅದರ ಕೆಳಗಿನ ಮೆಟ್ಟಿಲಲ್ಲಿ ಅಲಂಕಾರಪ್ರಿಯ ಜನಪದರು, ಮೇಲಿನ ಮೆಟ್ಟಿಲಲ್ಲಿ ಸರಳತೆಯನ್ನು ಅರಿತ ಆಧುನಿಕರು.

‘ಕಡಿಮೆಯೇ ಹೆಚ್ಚು’ ಎಂಬರ್ಥದ, ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆಯ ಹೆಸರಿನೊಡನೆ ಬೆಸೆದುಕೊಂಡ ಮಾತು, ೧೯೬೦ರ ದಶಕದಲ್ಲಿ ಅಮೆರಿಕದ ಚಿತ್ರ-ಶಿಲ್ಪಗಳಲ್ಲಿ ರೂಪುಗೊಂಡ ಮಿನಿಮಲಿಸಂ, ಇಂದು ಮನೆ, ಪೀಠೋಪಕರಣ, ದೂರವಾಣಿಗಳವರೆಗೆ ಹಬ್ಬಿರುವ ಕನಿಷ್ಠತಾ ಶೈಲಿ ಇವುಗಳ ನಡುವೆ ವ್ಯತ್ಯಾಸಗಳಿದ್ದರೂ ಒಂದು ಸಾಮ್ಯವಿದೆ. ಸರಳತೆಯು ವಿನ್ಯಾಸಕಾರನೊಬ್ಬನ ಪ್ರಜ್ಞಾಪೂರ್ವಕ ತ್ಯಾಗದ ಫಲ ಎಂಬ ನಂಬಿಕೆಯೇ ಆ ಸಾಮ್ಯ. ಬಿಡಲು ಮೊದಲು ಇರಬೇಕು. ಇದ್ದದ್ದನ್ನು ಬಿಟ್ಟವನೇ ಸರಳ ಎಂಬುದು ಅದರ ಒಳಮಾತು.

ಇದಕ್ಕಿಂತ ಭಿನ್ನವಾದ ನೋಟ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳದು. ಭಾರತ ಸರ್ಕಾರದ ಆಹ್ವಾನದ ಮೇರೆಗೆ ೧೯೫೮ರಲ್ಲಿ ಅವರು ಸಿದ್ಧಪಡಿಸಿದ ವರದಿಯು ೧೯೬೧ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಸ್ಥಾಪನೆಗೆ ಹಿನ್ನೆಲೆಯಾಯಿತು. ಆ ವರದಿಯಲ್ಲಿ ಅವರು ಅತ್ಯಂತ ಮೆಚ್ಚಿ ಬರೆದದ್ದು ಉತ್ತರದವರು ಲೋಟಾ ಎನ್ನುವ, ಕನ್ನಡಿಗರು ತಂಬಿಗೆ, ಚೊಂಬು ಎನ್ನುವ ಪಾತ್ರೆಯನ್ನು. ಎಷ್ಟು ನೀರು ಹಿಡಿಯಬೇಕು, ಯಾರ ಕೈಗೆ ಒಗ್ಗಬೇಕು, ತಲೆಯ ಮೇಲೋ ಸೊಂಟದ ಮೇಲೋ ಹೊರುವಾಗ ತೂಕ ಎಲ್ಲಿ ನಿಲ್ಲಬೇಕು, ಸುರಿಯುವಾಗ ಅಂಚು ಹೇಗಿರಬೇಕು, ಒಳಗೆ ಕೈಯಾಡಿಸಿ ತೊಳೆಯಲು ಬರುವುದೆ ಎಂಬಂತಹ ಪ್ರಶ್ನೆಗಳ ಸಾಲನ್ನೇ ಅವರು ಮುಂದಿಡುತ್ತಾರೆ. ಇಂತಹ ವಸ್ತುವನ್ನು ಒಬ್ಬ ವ್ಯಕ್ತಿ ವಿನ್ಯಾಸಗೊಳಿಸಲಾರ, ತಲೆಮಾರುಗಳು ಸೇರಿ ರೂಪಿಸಿವೆ ಎಂಬುದು ಅವರ ತೀರ್ಮಾನ. ಲೂಸ್ ಕಂಡ ಏಣಿ ಇಲ್ಲಿ ಉರುಳುತ್ತದೆ. ಆದರೂ ಈ ನೋಟದಲ್ಲಿ ಒಂದು ಕೊರತೆ ಉಳಿಯುತ್ತದೆ. ತಂಬಿಗೆಯನ್ನು ಬಳಸುವ ಕೈಗಳ ಬಗ್ಗೆ ಅಲ್ಲಿ ಮಾತಿದೆ. ಅದನ್ನು ಬಡಿದು ಮಾಡಿದ ಕೈಗಳ ಬಗ್ಗೆ ಅಷ್ಟು ಮಾತಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲು ಕಂಬಳಿಯ ತಯಾರಿಕೆಯತ್ತ ತಿರುಗಬೇಕಾಗುತ್ತದೆ.

೩. ತಯಾರಿಕೆಯ ಹಂತಗಳು: ನಿರ್ಣಯಗಳ ಸರಣಿ

ಕರಿಕಂಬಳಿಯ ವಿನ್ಯಾಸ ಮಗ್ಗದಲ್ಲಿ ಆರಂಭವಾಗುವುದಿಲ್ಲ, ಹಿಂಡಿನಲ್ಲಿ ಆರಂಭವಾಗುತ್ತದೆ. ದಖನಿ ತಳಿಯ ಕುರಿಯ ಉಣ್ಣೆ ಒರಟು. ಕೂದಲಿನ ಅಂಶ ಹೆಚ್ಚು. ಮೆದುವಾದ ಉಡುಪಿಗೆ ಇದು ಒಗ್ಗದು. ಮಳೆ, ಗಾಳಿ, ಮುಳ್ಳು, ಕಲ್ಲುನೆಲಗಳನ್ನು ತಡೆಯಬೇಕಾದ ಹೊದಿಕೆಗೆ ಇದೇ ತಕ್ಕದ್ದು. ಕಪ್ಪು ಉಣ್ಣೆಯ ಕುರಿಗಳನ್ನು ತಲೆಮಾರುಗಳಿಂದ ಆಯ್ದು ಬೆಳೆಸುತ್ತ ಬಂದಿರುವುದು ಸಹ ವಿನ್ಯಾಸದ ನಿರ್ಣಯವೇ. ಬಣ್ಣವು ಕುರಿಯ ಮೈಯಲ್ಲೇ ಇರುವುದರಿಂದ ಬಣ್ಣ ಹಾಕುವ ಕೆಲಸವಿಲ್ಲ. ಹಾಕದ ಬಣ್ಣ ಬಿಡುವ ಪ್ರಶ್ನೆಯೂ ಇಲ್ಲ.

ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಅದಕ್ಕೆ ಮೊದಲು ಹಳ್ಳದಲ್ಲೋ ಕೆರೆಯಲ್ಲೋ ಕುರಿಗಳ ಮೈ ತೊಳೆಯಲಾಗುತ್ತದೆ. ಕತ್ತರಿಸಿದ ಉಣ್ಣೆಯನ್ನು ಬಣ್ಣಕ್ಕೆ ಅನುಗುಣವಾಗಿ ಬೇರ್ಪಡಿಸಿ, ಮುಳ್ಳು-ಕಸ ಆರಿಸಿ, ಬಿಡಿಸಿ, ಬಿಲ್ಲಿನಿಂದ ಮಿಡಿದು ಹದಗೊಳಿಸುವುದು ಹಳೆಯ ಕ್ರಮ. ಎಳೆಯ ಮರಿಯ ಮೊದಲ ಉಣ್ಣೆ ಉಳಿದುದಕ್ಕಿಂತ ನಯವಾದುದು. ಅದರ ಕಂಬಳಿಗೆ ಬೆಲೆ ಹೆಚ್ಚು. ಯಾವ ಉಣ್ಣೆ ಯಾವುದರೊಡನೆ ಬೆರೆಯಬೇಕು, ಯಾವುದನ್ನು ಪ್ರತ್ಯೇಕವಾಗಿ ಇಡಬೇಕು ಎಂಬುದು ಕೈಗೆ ಮಾತ್ರ ತಿಳಿಯುವ ವಿದ್ಯೆ.

ನೂಲುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಇಡೀ ತಯಾರಿಕೆಯಲ್ಲಿ ಅತಿ ಹೆಚ್ಚು ಸಮಯ ಬೇಡುವ ಹಂತ ಇದು. ಹಾಸಿಗೆ ಬೇಕಾದ ನೂಲು ಮಗ್ಗದ ಎಳೆತವನ್ನು ತಾಳುವಷ್ಟು ಬಿಗಿಯಾಗಿರಬೇಕು; ಹೊಕ್ಕಿನ ನೂಲು ಒತ್ತಿದಾಗ ಹರಡಿ ಕಿಂಡಿ ಮುಚ್ಚುವಷ್ಟು ಸಡಿಲವಾಗಿರಬೇಕು. ನೋಡುವವರಿಗೆ ಎರಡೂ ಒಂದೇ ಕಪ್ಪು ನೂಲು. ಕಂಬಳಿಯ ಬಾಳಿಕೆಯ ಅರ್ಧ ಈ ಕಾಣದ ವ್ಯತ್ಯಾಸದಲ್ಲಿದೆ.

ಹಾಸನ್ನು ಬಯಲಲ್ಲಿ ಎಳೆದುಕಟ್ಟಿ ಹುಣಸೆ ಬೀಜದ ಗಂಜಿಯನ್ನು ಬಳಿದು ಕುಂಚದಿಂದ ತೀಡುವುದು ಮುಂದಿನ ಘಟ್ಟ. ಗಂಜಿಯು ಎಳೆಗಳಿಗೆ ಬಿರುಸು ಕೊಡುತ್ತದೆ. ನೇಯುವಾಗ ಕೂದಲೆದ್ದು ಎಳೆಗಳು ಒಂದಕ್ಕೊಂದು ತೊಡಕಿಕೊಳ್ಳದಂತೆ ತಡೆಯುತ್ತದೆ. ಹೊಸ ಕಂಬಳಿಯ ಗಡಸುತನಕ್ಕೂ ಅದರ ವಿಶಿಷ್ಟ ವಾಸನೆಗೂ ಇದೇ ಕಾರಣ. ಅನಂತರ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವ ಮಗ್ಗ. ಅಂಚಿನಲ್ಲಿ ಬಿಳಿಯ ಉಣ್ಣೆಯ ಒಂದೆರಡು ಗೆರೆ ಬಂದರೆ ಬರಬಹುದು. ಅದು ಬಟ್ಟೆಯ ಕೊನೆಯನ್ನು ಸೂಚಿಸುವ ಗೆರೆಯೂ ಹೌದು, ಒಂದು ಮಗ್ಗದ ಕಂಬಳಿಯನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತೂ ಹೌದು.

ಈ ವಿವರಗಳ ಬೆಳಕಿನಲ್ಲಿ ಲೂಸ್‌ನ ಎರಡನೆಯ ವಾದ ನಿಲ್ಲುವುದಿಲ್ಲ. ಅಲಂಕಾರವನ್ನು ಬಿಟ್ಟರೆ ಶ್ರಮ ಇಳಿಯುತ್ತದೆ ಎಂಬುದು ಕಾರ್ಖಾನೆಯ ವಸ್ತುವಿಗೆ ಅನ್ವಯಿಸಬಹುದಾದ ಲೆಕ್ಕ. ಕಂಬಳಿಯಲ್ಲಿ ಅಲಂಕಾರವಿಲ್ಲ, ಶ್ರಮ ಇಳಿದಿಲ್ಲ. ಫ್ರಾಂಜ್ ಬೋವಾಸ್ ೧೯೨೭ರಲ್ಲಿ ಪ್ರಕಟವಾದ ತನ್ನ ‘ಪ್ರಿಮಿಟಿವ್ ಆರ್ಟ್’ ಗ್ರಂಥದಲ್ಲಿ ತಾಂತ್ರಿಕ ನೈಪುಣ್ಯಕ್ಕೂ ರೂಪಸೌಂದರ್ಯಕ್ಕೂ ಇರುವ ಆಪ್ತ ಸಂಬಂಧವನ್ನು ತೋರಿಸಿದ್ದಾನೆ. ಕೈ ಪಳಗಿದಂತೆ ಚಲನೆ ನಿಯತವಾಗುತ್ತದೆ. ಚಲನೆ ನಿಯತವಾದಂತೆ ರೂಪ ಸಮವಾಗುತ್ತದೆ. ಕಂಬಳಿಯ ಸೌಂದರ್ಯ ಇಂತಹುದು. ಉದ್ದಕ್ಕೂ ಒಂದೇ ಬಿಗಿಯಲ್ಲಿ ಸಾಗಿದ ನೇಯ್ಗೆಯೇ ಅದರ ಚಿತ್ತಾರ.

೪. ಬಳಕೆಯಲ್ಲಿ ಪೂರ್ಣಗೊಳ್ಳುವ ವಸ್ತು

ಹೊಲಿದ ಅಂಗಿ ತನ್ನ ಬಳಕೆಯನ್ನು ತಾನೇ ಹೇಳುತ್ತದೆ: ತೋಳಿಗೆ ತೋಳು, ಕೊರಳಿಗೆ ಕೊರಳು. ಕಂಬಳಿ ಹಾಗೆ ಹೇಳುವುದಿಲ್ಲ. ಒಂದು ತುದಿಯನ್ನು ಮಡಿಚಿ ತಲೆಗೆ ಹಾಕಿಕೊಂಡರೆ ಕೊಪ್ಪೆ. ಮಳೆಯಲ್ಲಿ ಕುರಿಯ ಹಿಂದೆ ನಿಂತವನಿಗೂ ಗದ್ದೆಯಲ್ಲಿ ಬಗ್ಗಿದವನಿಗೂ ಅದೇ ಸೂರು. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಎರಡಾಗಿ ಮಡಿಸಿ ಹೆಗಲಿಗೆ ಹಾಕಿದರೆ ಹೊರೆಯ ಕೆಳಗಿನ ಮೆತ್ತೆ. ಹಿಂಡಿನೊಡನೆ ತಿಂಗಳುಗಟ್ಟಲೆ ಊರೂರು ತಿರುಗುತ್ತ ಹೊಲಗಳಲ್ಲಿ ಮಂದೆ ಹಾಕುವ ಕುರಿಗಾಹಿಗೆ ಒಂದು ವಸ್ತು ಹಲವು ವಸ್ತುಗಳ ಕೆಲಸ ಮಾಡುವುದು ಅನುಕೂಲವಷ್ಟೇ ಅಲ್ಲ, ಅನಿವಾರ್ಯ. ಹೊರಬೇಕಾದ ಭಾರ ಆಗ ಕಡಿಮೆಯಾಗುತ್ತದೆ.

ಮಲೆನಾಡಿನ ಗೊರಬಿನೊಡನೆ ಇದನ್ನು ಹೋಲಿಸಬಹುದು. ಗೊರಬು ಮಳೆಯಲ್ಲಿ ಬಗ್ಗಿ ದುಡಿಯುವ ಬೆನ್ನಿಗೆಂದೇ ರೂಪುಗೊಂಡ ಸಾಧನ; ಆ ಒಂದು ಕೆಲಸದಲ್ಲಿ ಅದು ಕಂಬಳಿಗಿಂತ ಸಮರ್ಥ. ಮಳೆ ನಿಂತ ಮೇಲೆ ಅದು ಗೋಡೆಯ ಗೂಟಕ್ಕೆ ಸೇರುತ್ತದೆ. ಕಂಬಳಿಗೆ ಗೂಟವಿಲ್ಲ. ಒಂದು ಕೆಲಸಕ್ಕೆ ಅಚ್ಚುಕಟ್ಟಾಗಿ ಹೊಂದಿಕೊಂಡ ವಸ್ತುವಿನ ಸರಳತೆ ಬೇರೆ, ಹಲವು ಕೆಲಸಗಳಿಗೆ ತೆರೆದುಕೊಂಡ ವಸ್ತುವಿನ ಸರಳತೆ ಬೇರೆ. ಜನಪದ ವಿನ್ಯಾಸದ ಚರ್ಚೆಯಲ್ಲಿ ಈ ಎರಡನ್ನೂ ‘ಉಪಯುಕ್ತತೆ’ ಎಂಬ ಒಂದೇ ಪದದಡಿ ತಂದರೆ ವಿಶ್ಲೇಷಣೆ ಮೊಂಡಾಗುತ್ತದೆ.

ಬಳಕೆಗೆ ತೆರೆದುಕೊಂಡ ವಸ್ತುವಿನಲ್ಲಿ ವಿನ್ಯಾಸದ ಕೊನೆಯ ಹಂತ ಬಳಸುವವನ ಕೈಯಲ್ಲಿರುತ್ತದೆ. ಕೊಪ್ಪೆಯನ್ನು ಗಾಳಿಗೆ ಹಾರದಂತೆ, ಕೈಗಳು ಬಿಡುವಾಗಿರುವಂತೆ ಹಾಕಿಕೊಳ್ಳುವುದು ಕಲಿಯಬೇಕಾದ ವಿದ್ಯೆ. ವಸ್ತುಸಂಗ್ರಹಾಲಯದಲ್ಲಿ ಮಡಿಸಿಟ್ಟ ಕಂಬಳಿ ಏನನ್ನೂ ಹೇಳದಿರುವುದಕ್ಕೆ ಕಾರಣ ಇಲ್ಲಿದೆ. ಕಿನ್ನಾಳದ ಗೊಂಬೆ ಗಾಜಿನ ಹಿಂದೆಯೂ ಗೊಂಬೆಯೇ. ಮಡಿಸಿದ ಕಂಬಳಿ ಅಪೂರ್ಣ ವಸ್ತು. ಅದರ ಉಳಿದ ಭಾಗ ಮನುಷ್ಯನ ದೇಹದಲ್ಲಿ ಉಳಿದಿರುತ್ತದೆ.

೫. ಗದ್ದಿಗೆ, ಗುರುತು, ವೇದಿಕೆ

ಕಂಬಳಿಯ ಬಳಕೆ ದಿನಬಳಕೆಗೆ ಸೀಮಿತವಲ್ಲ. ಬೀರೇಶ್ವರ, ಮೈಲಾರಲಿಂಗ ಪರಂಪರೆಗಳಲ್ಲಿ ಕಂಬಳಿ ಹಾಸಿ ಗದ್ದಿಗೆ ಮಾಡುವುದು ದೈವಕಾರ್ಯದ ಮೊದಲ ಹೆಜ್ಜೆ. ಮೈಲಾರದ ಗೊರವರ ವೇಷದಲ್ಲಿ ಕರಿಕಂಬಳಿಗೆ ಸ್ಥಾನವಿದೆ. ಕನಕದಾಸರ ಚಿತ್ರ, ಪ್ರತಿಮೆಗಳಲ್ಲಿ ಹೆಗಲ ಕಂಬಳಿ ಬಹುಮಟ್ಟಿಗೆ ಅವರ ಗುರುತೇ ಆಗಿದೆ. ಕುರುಬರ ಒಳವಿಂಗಡಣೆಯಲ್ಲಿ ಬರುವ ಹತ್ತಿಕಂಕಣ, ಉಣ್ಣೆಕಂಕಣ ಎಂಬ ಹೆಸರುಗಳು ಮದುವೆಯಲ್ಲಿ ಕಟ್ಟುವ ಕಂಕಣದ ನೂಲಿನಿಂದ ಬಂದವು. ಒಂದು ಎಳೆ ಉಣ್ಣೆ ಇಲ್ಲಿ ಸಾಮಾಜಿಕ ಗಡಿಯನ್ನು ಸೂಚಿಸುತ್ತದೆ.

ಗದ್ದಿಗೆಗೆ ಪಟ್ಟೆಯ ಬಟ್ಟೆ, ಜರಿಯ ಹಾಸು ಇದ್ದರೂ ಕಂಬಳಿಯೇ ಬೇಕು ಎಂಬ ನಿಯಮ ಗಮನಾರ್ಹ. ಅಲಂಕಾರವೇ ಮರ್ಯಾದೆಯ ಏಕೈಕ ಭಾಷೆಯಾಗಿದ್ದಲ್ಲಿ ದೈವದ ಪೀಠವು ಅತ್ಯಂತ ಅಲಂಕೃತ ಬಟ್ಟೆಯಿಂದ ಆಗಬೇಕಿತ್ತು. ಹಾಗಾಗಿಲ್ಲ. ಗದ್ದಿಗೆಯಲ್ಲಿ ಕಂಬಳಿ ಸಲ್ಲುವುದು ಅದರ ನೋಟಕ್ಕಾಗಿ ಅಲ್ಲ, ಅದರ ಮೂಲಕ್ಕಾಗಿ: ಹಿಂಡು, ಕುಲ, ದೈವಗಳ ಸಂಬಂಧವನ್ನು ಅದು ತನ್ನೊಳಗೆ ಹೊತ್ತಿದೆ. ಕಂಬಳಿಯ ಮೇಲೆ ಉಣ್ಣಲು ಕುಳಿತು ಕೂದಲು ಆರಿಸಬಾರದೆಂಬ ಗಾದೆ ಅದರ ಒರಟುತನವನ್ನು ಬಚ್ಚಿಡುವುದಿಲ್ಲ. ಒಪ್ಪಿಕೊಂಡ ಮೇಲೆ ಅದರ ಗುಣವನ್ನೂ ಒಪ್ಪಿಕೊಳ್ಳಬೇಕು ಎನ್ನುತ್ತದೆ.

ಇಲ್ಲಿ ಪ್ಯೋತರ್ ಬೊಗತಿರೇವ್‌ನ ಅಧ್ಯಯನ ನೆರವಿಗೆ ಬರುತ್ತದೆ. ಮೊರಾವಿಯಾದ ಸ್ಲೊವಾಕ್ ಪ್ರದೇಶದ ಜನಪದ ಉಡುಪಿನ ಕಾರ್ಯಗಳನ್ನು ಕುರಿತ ಆತನ ಗ್ರಂಥ ೧೯೩೭ರಲ್ಲಿ ಪ್ರಕಟವಾಯಿತು. ಲೂಸ್ ಹುಟ್ಟಿದ್ದು ಅದೇ ಮೊರಾವಿಯಾದ ಬ್ರನೋ ನಗರದಲ್ಲಿ ಎಂಬುದು ಕುತೂಹಲಕರ. ಲೂಸ್ ಅನುಕಂಪದಿಂದ ಸಹಿಸಿಕೊಂಡ ಹಳ್ಳಿಯ ಉಡುಪಿನಲ್ಲಿ ಬೊಗತಿರೇವ್ ಒಂದು ಸಂಕೇತವ್ಯವಸ್ಥೆಯನ್ನೇ ಕಂಡ. ಉಡುಪು ವಸ್ತುವೂ ಹೌದು, ಸಂಕೇತವೂ ಹೌದು. ಪ್ರಾಯೋಗಿಕ, ಧಾರ್ಮಿಕ, ಪ್ರಾದೇಶಿಕ, ಸಾಮಾಜಿಕ ಕಾರ್ಯಗಳು ಅದರಲ್ಲಿ ಒಟ್ಟಿಗೆ ಇರುತ್ತವೆ. ಸಂದರ್ಭ ಬದಲಾದಂತೆ ಒಂದು ಕಾರ್ಯ ಮೇಲೆದ್ದು ಮತ್ತೊಂದು ಹಿಂದೆ ಸರಿಯುತ್ತದೆ ಎಂಬುದು ಆತನ ಪ್ರತಿಪಾದನೆ. ಇತ್ತೀಚಿನ ದಶಕಗಳಲ್ಲಿ ರಾಜಕೀಯ ಸಮಾವೇಶಗಳ ವೇದಿಕೆಯಲ್ಲಿ ಗಣ್ಯರಿಗೆ ಕಂಬಳಿ ಹೊದಿಸುವ ಪದ್ಧತಿಯನ್ನು ಈ ಚೌಕಟ್ಟಿನಲ್ಲಿ ಅರ್ಥೈಸಬಹುದು. ಕಂಬಳಿಯ ಪ್ರಾಯೋಗಿಕ ಕಾರ್ಯ ಕ್ಷೀಣಿಸಿದಂತೆ ಸಾಂಕೇತಿಕ ಕಾರ್ಯ ಪ್ರಬಲವಾಗಿದೆ. ಮಳೆಯಲ್ಲಿ ಅದನ್ನು ಹೊದೆಯುವವರು ಕಡಿಮೆಯಾದಷ್ಟೂ ದೀಪದ ಬೆಳಕಿನಲ್ಲಿ ಹೊದೆಯುವವರು ಹೆಚ್ಚಿದ್ದಾರೆ.

೬. ಅಲಂಕಾರದ ನೆರೆಯಲ್ಲಿ ಸರಳತೆ

ಸರಳತೆಯನ್ನು ಎತ್ತಿಹಿಡಿಯಲು ಅಲಂಕಾರವನ್ನು ತೆಗಳಬೇಕಾಗಿಲ್ಲ. ಜನಪದ ಬದುಕಿನಲ್ಲಿ ಇವೆರಡು ಶತ್ರುಗಳಲ್ಲ, ನೆರೆಯವರು. ಧಾರವಾಡ ಸೀಮೆಯ ಕಸೂತಿಯಲ್ಲಿ ಗಂಟು ಹಾಕದೆ, ಎಳೆ ಎಣಿಸಿ ಹೊಲಿಯುವ ಗವಂತಿ ಹೊಲಿಗೆ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ರೂಪ ತೋರುತ್ತದೆ. ಅಲ್ಲಿ ಅಲಂಕಾರ ಸಮೃದ್ಧವಾಗಿದೆ. ಸಾಧನ ಮಾತ್ರ ಒಂದು ಸೂಜಿ, ಒಂದು ದಾರ. ಸಾಗರ, ಸೊರಬ ಭಾಗದ ದೀವರ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಇಷ್ಟೇ ಬಣ್ಣ, ಪುಂಡಿನಾರೇ ಕುಂಚ. ಆದರೆ ಗೆರೆಗಳ ಲೆಕ್ಕಾಚಾರ ಜಟಿಲ. ಉತ್ತರ ಕರ್ನಾಟಕದ ಕೌದಿ ಇದಕ್ಕೆ ವಿರುದ್ಧ ದಿಕ್ಕಿನದು: ಹಳೆಯ ಬಟ್ಟೆಯ ಚೂರುಗಳು ಸೇರಿ ಬಣ್ಣಗಳ ಜಾತ್ರೆಯಾಗುತ್ತದೆ, ಹೊಲಿಗೆ ಮಾತ್ರ ಅತ್ಯಂತ ಸರಳವಾದ ಓಟದ ಹೊಲಿಗೆ.

ಈ ನಿದರ್ಶನಗಳಿಂದ ಸರಳತೆಯ ಮೂರು ನೆಲೆಗಳನ್ನು ಗುರುತಿಸಲು ಸಾಧ್ಯ. ಸಾಧನದ ಸರಳತೆ: ಕೈಗೆ ಸಿಗುವ ಕೆಲವೇ ಸಾಮಗ್ರಿಗಳಿಂದ ಕೆಲಸ ಮಾಡುವುದು. ರೂಪದ ಸರಳತೆ: ಕಣ್ಣಿಗೆ ಕಾಣುವ ಅಂಶಗಳು ಕಡಿಮೆ ಇರುವುದು. ಬಳಕೆಯ ಸರಳತೆ: ಬೇರೆ ನೆರವಿಲ್ಲದೆ ಹಲವು ಕಾರ್ಯಗಳಿಗೆ ಒದಗುವುದು. ಕಸೂತಿಯಲ್ಲಿ ಮೊದಲನೆಯದು ಮಾತ್ರ ಇದೆ. ಹಸೆ ಚಿತ್ತಾರದಲ್ಲಿಯೂ ಅಷ್ಟೇ. ಕರಿಕಂಬಳಿಯಲ್ಲಿ ರೂಪ ಮತ್ತು ಬಳಕೆಯ ಸರಳತೆಗಳು ಕೂಡಿವೆ. ಅದರ ತಯಾರಿಕೆ ಮಾತ್ರ ಸರಳವಲ್ಲ. ಇಂದಿನ ಮಾರುಕಟ್ಟೆಯ ಕನಿಷ್ಠತಾ ಶೈಲಿಯಲ್ಲಿ ಬಹುಪಾಲು ಎರಡನೆಯದೊಂದೇ ಕಾಣುತ್ತದೆ. ಹೊರಗೆ ಒಂದೂ ಗೆರೆಯಿಲ್ಲದ ಉಪಕರಣದ ಒಳಗೆ ಬಿಚ್ಚಲಾಗದ, ದುರಸ್ತಿ ಮಾಡಲಾಗದ ಜಟಿಲತೆ ಇರಬಹುದು. ಹರಿದ ಕಂಬಳಿಯನ್ನಾದರೋ ಅದೇ ನೂಲಿನಿಂದ ಹೊಲಿದುಕೊಳ್ಳಬಹುದು.

೭. ಹೊಗಳಿಕೆಯ ಅಪಾಯಗಳು

ಸರಳತೆಯ ಪ್ರಶಂಸೆ ಎರಡು ಕಡೆ ಎಡವುವ ಸಾಧ್ಯತೆಯಿದೆ. ಬಡತನವನ್ನು ಅಭಿರುಚಿಯೆಂದು ಓದುವುದು ಮೊದಲನೆಯದು. ಒಂದೇ ಕಂಬಳಿಯಲ್ಲಿ ಹಾಸಿಗೆ ಹೊದಿಕೆಗಳೆರಡನ್ನೂ ಕಂಡುಕೊಂಡವನಿಗೆ ಎರಡನೆಯ ಕಂಬಳಿ ಇರಲಿಲ್ಲ ಎಂಬುದನ್ನು ಮರೆಯಬಾರದು. ೧೯೨೧ರಲ್ಲಿ ಮಧುರೆಯಲ್ಲಿ ಗಾಂಧೀಜಿ ತುಂಡುಬಟ್ಟೆಗೆ ಬದಲಾದುದು ಒಂದು ಆಯ್ಕೆ. ಅವರು ಯಾರ ಪರವಾಗಿ ಹಾಗೆ ಮಾಡಿದರೋ ಆ ಜನರಿಗೆ ತುಂಡುಬಟ್ಟೆ ಆಯ್ಕೆಯಾಗಿರಲಿಲ್ಲ. ಆ ವ್ಯತ್ಯಾಸವನ್ನು ಎತ್ತಿ ತೋರಿಸಿದ್ದರಿಂದಲೇ ಆ ನಡೆಗೆ ಅರ್ಥ ಬಂತು. ಆಯ್ಕೆಯ ಸರಳತೆ ಮತ್ತು ಅನಿವಾರ್ಯದ ಸರಳತೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವ ವಿಮರ್ಶೆ ಈ ಅರ್ಥವನ್ನು ಕಳೆಯುತ್ತದೆ.

ಎರಡನೆಯದು ಅನಾಮಿಕತೆಯ ವೈಭವೀಕರಣ. ಜಪಾನಿನ ಯನಾಗಿ ಸೋಯೆತ್ಸು ೧೯೨೫ರಲ್ಲಿ ತನ್ನ ಗೆಳೆಯರೊಡನೆ ‘ಮಿಂಗೆಯಿ’ ಎಂಬ ಪದವನ್ನು ರೂಪಿಸಿ, ೧೯೩೬ರಲ್ಲಿ ಟೋಕಿಯೋದಲ್ಲಿ ಜನಪದ ಕರಕುಶಲ ವಸ್ತುಗಳ ಸಂಗ್ರಹಾಲಯ ತೆರೆದ. ಸಾಮಾನ್ಯರು ಸಾಮಾನ್ಯರಿಗಾಗಿ ಮಾಡಿದ, ಹೆಸರಿಲ್ಲದ ಕುಶಲಕರ್ಮಿಯ ದಿನಬಳಕೆಯ ವಸ್ತುವಿನಲ್ಲಿ ಸೌಂದರ್ಯವಿದೆ ಎಂದು ಸಾರಿದ ಆತನ ಚಿಂತನೆಯ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಆ ಚಿಂತನೆಯಲ್ಲಿ ಮೆಚ್ಚುವವನಿಗೆ ಹೆಸರಿದೆ, ಮಾಡುವವನಿಗೆ ಇಲ್ಲ. ಕಂಬಳಿಯ ವಿಷಯದಲ್ಲಿ ಈ ಅನಾಮಿಕತೆ ಇಮ್ಮಡಿಯಾದುದು. ನೇಯ್ದ ಗಂಡಸಿನ ಹೆಸರಾದರೂ ಊರಿನ ಸಂತೆಯಲ್ಲಿ ಗೊತ್ತಿರುತ್ತದೆ. ನೂಲು ತೆಗೆದ ಹೆಂಗಸಿನ ಹೆಸರು ಮನೆಯ ಹೊಸಿಲು ದಾಟುವುದಿಲ್ಲ. ಅತಿ ಹೆಚ್ಚು ಸಮಯ ಬೇಡುವ ಕೆಲಸ ಮನೆಗೆಲಸದ ಲೆಕ್ಕಕ್ಕೆ ಸೇರಿ, ಬೆಲೆ ಕಟ್ಟುವಾಗ ಲೆಕ್ಕದಿಂದ ಹೊರಗುಳಿಯುತ್ತದೆ. ಹೆಸರಿಲ್ಲದಿರುವುದನ್ನು ವಿನಯವೆಂದು ವರ್ಣಿಸುವ ಮೊದಲು ಹೆಸರನ್ನು ಯಾರು ಕೇಳಲಿಲ್ಲ ಎಂಬುದನ್ನು ಪರಿಶೀಲಿಸಬೇಕು.

ಸರಳ ವಸ್ತುವಿನ ಮುಖ್ಯ ಸಂಕಟ ಇಲ್ಲಿದೆ. ಅಲಂಕಾರವು ಶ್ರಮದ ಪರವಾಗಿ ಸಾಕ್ಷಿ ನುಡಿಯುತ್ತದೆ. ಕಸೂತಿಯ ಸೀರೆಯನ್ನು ಕೊಳ್ಳುವವರು ಪ್ರತಿಯೊಂದು ಹೊಲಿಗೆಯನ್ನೂ ಕಾಣಬಲ್ಲರು; ಬೆಲೆ ಹೆಚ್ಚಾಯಿತೆಂದರೂ ಕಾರಣ ಎದುರಿಗಿರುತ್ತದೆ. ಕಂಬಳಿಯನ್ನು ಕೊಳ್ಳುವವರಿಗೆ ಕಾಣುವುದು ಒಂದು ಕರಿಯ ಬಟ್ಟೆ. ಎಷ್ಟು ಚೆನ್ನಾಗಿ ನೂಲು ತೆಗೆದಿದ್ದರೆ ಅಷ್ಟು ಸಮವಾಗಿ, ಎಷ್ಟು ಸಮವಾಗಿದ್ದರೆ ಅಷ್ಟು ಸಾಮಾನ್ಯವಾಗಿ ಅದು ಕಾಣುತ್ತದೆ. ಕೌಶಲ ಹೆಚ್ಚಿದಂತೆ ಕೌಶಲದ ಗುರುತು ಅಳಿಸಿಹೋಗುವ ಈ ವೈರುಧ್ಯವು ಮಾರುಕಟ್ಟೆಯಲ್ಲಿ ನೇಕಾರನ ವಿರುದ್ಧ ಕೆಲಸ ಮಾಡುತ್ತದೆ.

೮. ಇಂದಿನ ಸ್ಥಿತಿ ಮತ್ತು ಅಧ್ಯಯನದ ಹೊಣೆ

ಈ ವೈರುಧ್ಯದ ಪರಿಣಾಮಗಳು ಇಂದು ಸ್ಪಷ್ಟವಾಗಿವೆ. ಕಾರ್ಖಾನೆಯ ಕೃತಕ ನೂಲಿನ ಹೊದಿಕೆಗಳು, ಪಾಣಿಪತ್ತಿನಲ್ಲಿ ಹಳೆಯ ಬಟ್ಟೆಯ ಮರುನೂಲಿನಿಂದ ತಯಾರಾಗುವ ಅಗ್ಗದ ಕಂಬಳಿಗಳು ಸಂತೆಯನ್ನು ತುಂಬಿವೆ. ಮಾಂಸದ ಬೇಡಿಕೆ ಏರಿದಂತೆ ದಖನಿ ಕುರಿಯನ್ನು ಬೇಗ ಮೈದುಂಬುವ, ಉಣ್ಣೆಯಿಲ್ಲದ ತಳಿಗಳೊಡನೆ ಬೆರೆಸಲಾಗಿದೆ, ಗೋಮಾಳಗಳು ಕುಗ್ಗಿವೆ. ಅನೇಕ ಕಡೆ ಉಣ್ಣೆಗೆ ಬರುವ ಬೆಲೆ ಕತ್ತರಿಸುವ ಕೂಲಿಗೂ ಸಾಲದೆ ಉಣ್ಣೆಯನ್ನು ಬಿಸಾಡುವುದುಂಟು. ಚಳ್ಳಕೆರೆಯಂತಹ ಹೆಸರಾಂತ ಕಂಬಳಿ ಕೇಂದ್ರಗಳಿಗೂ ಈ ಬಿಸಿ ತಟ್ಟಿದೆ. ಕಪ್ಪು ಉಣ್ಣೆಯ ಕುರಿ ಹೋದರೆ ಕಂಬಳಿಯ ವಿನ್ಯಾಸದ ಮೊದಲ ನಿರ್ಣಯವೇ ಹೋದಂತೆ.

ಪುನಶ್ಚೇತನದ ಹೆಸರಿನಲ್ಲಿ ಸಾಮಾನ್ಯವಾಗಿ ಸೂಚಿತವಾಗುವ ಮಾರ್ಗ ‘ಮೌಲ್ಯವರ್ಧನೆ’. ಕಂಬಳಿಯ ಬಟ್ಟೆಯಿಂದ ಚೀಲ, ಟೋಪಿ, ಅಂಗಿ ಹೊಲಿಯುವುದು, ಅದರ ಮೇಲೆ ಚಿತ್ತಾರ ಮೂಡಿಸುವುದು ಇದರ ಬಗೆಗಳು. ನೇಕಾರರಿಗೆ ನಾಲ್ಕು ಕಾಸು ಹೆಚ್ಚಾಗಿ ಬರುವುದಾದರೆ ಇಂತಹ ಪ್ರಯತ್ನವನ್ನು ಹಗುರವಾಗಿ ಕಾಣಲಾಗದು. ಆದರೆ ಈ ಪದದೊಳಗಿನ ಗ್ರಹಿಕೆಯನ್ನು ಪ್ರಶ್ನಿಸಬೇಕಾಗುತ್ತದೆ. ಮೌಲ್ಯವನ್ನು ಹೊರಗಿನಿಂದ ಸೇರಿಸಬೇಕು ಎನ್ನುವಾಗ ಒಳಗೆ ಇದ್ದುದು ಮೌಲ್ಯವಲ್ಲ ಎಂದು ಒಪ್ಪಿಕೊಂಡಂತಾಗುತ್ತದೆ. ಇನ್ನೊಂದು ತುದಿಯಲ್ಲಿ, ಬಣ್ಣ ಹಾಕದ ಒರಟು ಉಣ್ಣೆಯ ನೋಟವನ್ನೇ ನಗರದ ಅಂಗಡಿಗಳು ಅಭಿರುಚಿಯ ಗುರುತಾಗಿ ಮಾರುವುದೂ ಇದೆ. ಮೊದಲನೆಯ ಮಾರ್ಗ ಸರಳತೆಯನ್ನು ಕೊರತೆಯೆಂದು ಕಾಣುತ್ತದೆ. ಎರಡನೆಯದು ಅದನ್ನು ಶೈಲಿಯೆಂದು ಕಾಣುತ್ತದೆ. ನೂಲಿನ ಎರಡು ಬಗೆಯ ಬಿಗಿ, ಹುಣಸೆ ಬೀಜದ ಗಂಜಿ, ಕೊಪ್ಪೆಯ ಮಡಿಕೆ ಎರಡರಲ್ಲಿಯೂ ಕಾಣೆಯಾಗುತ್ತವೆ.

ಜಾನಪದ ಅಧ್ಯಯನವು ಇಲ್ಲಿ ಮಾಡಬಹುದಾದ ಕೆಲಸ ನಿರ್ದಿಷ್ಟವಾದುದು. ಹಾಡನ್ನು ದಾಖಲಿಸುವಾಗ ಹಾಡಿದವರ ಹೆಸರು, ಊರು, ಸಂದರ್ಭಗಳನ್ನು ಬರೆದುಕೊಳ್ಳುವ ಶಿಸ್ತು ಕನ್ನಡದಲ್ಲಿ ಬೆಳೆದುಬಂದಿದೆ. ಸರಳ ವಸ್ತುಗಳ ದಾಖಲಾತಿಗೂ ಅದೇ ಶಿಸ್ತು ಬೇಕು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ ಇವು ವಸ್ತುಗಳನ್ನು ಉಳಿಸಿಕೊಟ್ಟಿವೆ. ೨೦೧೧ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯದಂತಹ ಸಂಸ್ಥೆಗಳು ಆ ವಸ್ತುಗಳ ಹಿಂದಿನ ಕ್ರಿಯೆಗಳನ್ನು ಉಳಿಸುವ ಹೊಣೆ ಹೊರಬಹುದು. ಯಾರ ಹಿಂಡಿನ ಉಣ್ಣೆ, ಯಾರು ನೂಲಿದವರು, ಎಷ್ಟು ದಿನ ಹಿಡಿಯಿತು, ಗಂಜಿಯ ಹದವನ್ನು ಹೇಗೆ ನೋಡಿದರು, ಹೊದ್ದವರು ಹೇಗೆ ಹೊದ್ದರು ಎಂಬ ವಿವರಗಳಿಲ್ಲದೆ ಕಂಬಳಿಯ ದಾಖಲೆ ಪೂರ್ಣವಾಗದು. ಒಂದು ಕಂಬಳಿಗೆ ಸಂದ ದುಡಿಮೆಯ ದಿನಗಳ ಲೆಕ್ಕ ಅಚ್ಚಿನಲ್ಲಿ ಸಿಕ್ಕರೆ ಅದು ಬೆಲೆಯ ಚರ್ಚೆಯಲ್ಲಿ ನೇಕಾರನ ಕೈಗೂ, ನೂಲಿದವಳ ಕೈಗೂ ಒಂದು ಆಧಾರವಾದೀತು.

ಸರಳತೆಯ ಮೌಲ್ಯವನ್ನು ಕನಿಷ್ಠತಾವಾದವು ‘ಎಷ್ಟನ್ನು ಬಿಡಲಾಗಿದೆ’ ಎಂಬ ಪ್ರಶ್ನೆಯಿಂದ ಅಳೆಯುತ್ತದೆ. ಕರಿಕಂಬಳಿಯಂತಹ ವಸ್ತುವಿಗೆ ಕೇಳಬೇಕಾದ ಪ್ರಶ್ನೆ ಬೇರೆ: ‘ಎಷ್ಟನ್ನು ಒಳಗಿಡಲಾಗಿದೆ, ಯಾರು ಇಟ್ಟರು?’ ಅಲಂಕೃತ ವಸ್ತು ಈ ಪ್ರಶ್ನೆಗೆ ತಾನೇ ಉತ್ತರಿಸುತ್ತದೆ. ಸರಳ ವಸ್ತುವಿನ ಪರವಾಗಿ ಉತ್ತರ ಹುಡುಕುವ ಕೆಲಸ ಅಧ್ಯಯನಕಾರರದು. ನೂಲುವ ಹಿರಿಯ ಕೈಗಳು ಇನ್ನೂ ಇರುವ ಈ ದಿನಗಳಲ್ಲಿಯೇ ಅದು ಆಗಬೇಕಾಗಿದೆ.